ಚಪ್ಪಲಿ ಕಾವಲು

ನಮ್ಮಪ್ಪನಿಗೆ ಎರಡು ಹುಚ್ಚು. ಒಂದು, ಸೀರಿಯಲ್ ಸೆಟ್ ಲೈಟಿನದು. ಮಡಿಕೇರಿ ದಸರಾಕ್ಕೆ ಹೋದರೆ ಮಂಟಪದ ದೇವರಿಗಿಂತ ಮೊದಲು ಲೈಟಿನ ಸಾಲು ನೋಡುತ್ತಾರೆ, ಕೆಟ್ಟುಹೋದ ಬಲ್ಬು ಕಂಡರೆ ಹಬ್ಬವೇ ಅವರಿಗೆ. ಇನ್ನೊಂದು, ಚಪ್ಪಲಿಯದು. ಹಿಂದೆ ಯಾವುದೋ ದೇವಸ್ಥಾನದ ಬಾಗಿಲಲ್ಲಿ ಹೊಸ ಜೋಡು ಕಳೆದುಕೊಂಡು, ಕಾದ ಟಾರು ರಸ್ತೆಯಲ್ಲಿ ಎಗರುತ್ತ ಬಸ್‌ಸ್ಟ್ಯಾಂಡಿಗೆ ಬಂದವರು ಅವರು. ಅಂದಿನಿಂದ ನಮ್ಮ ಮನೆಯವರು ಎಲ್ಲೇ ಚಪ್ಪಲಿ ಬಿಡಲಿ, ಅಪ್ಪ ಪಕ್ಕದಲ್ಲಿ ನಿಂತು ಕಾಯಲೇಬೇಕು. ನಾವು ಹೊರಗೆ ಬಂದ ಮೇಲೆಯೇ ಅವರು ಒಳಗೆ ಹೋಗುವುದು.

ಅಮ್ಮನಿಗೆ ಇದ್ದದ್ದು ಒಂದೇ ಆಸೆ, ಕೊಡವರ ವಾಲಗಕ್ಕೆ ಒಂದು ಸಲ ಕುಣಿಯಬೇಕು. ಹಾಸನದ ಕಡೆಯಿಂದ ಮದುವೆಯಾಗಿ ಬಂದು, ಕುಶಾಲನಗರದ ಹತ್ತಿರ ಭತ್ತ, ಶುಂಠಿ ಬೆಳೆಯುತ್ತ ಇಲ್ಲಿಯವಳೇ ಆದವಳು. ಪಕ್ಕದ ತೋಟದ ಕೊಡವರ ಮನೆಯ ಒಂದು ಮದುವೆಯನ್ನೂ ತಪ್ಪಿಸಿಕೊಂಡಿಲ್ಲ. ಅಲ್ಲಿ ಡೋಲು ಬಡಿದು ವಾಲಗ ಊದತೊಡಗಿದರೆ ಹಲ್ಲಿಲ್ಲದ ಅಜ್ಜಿಯರಿಂದ ಹಿಡಿದು ಈಗಷ್ಟೇ ನಡೆಯಲು ಕಲಿತ ಕೂಸಿನ ತನಕ ಎಲ್ಲರೂ ಕೈ ಎತ್ತಿ ಕುಣಿಯುತ್ತಾರೆ. ನಮ್ಮಮ್ಮ ಮಾತ್ರ ಕುರ್ಚಿಯಲ್ಲಿ ಕೂತು, ಸೀರೆಯ ನೆರಿಗೆಯ ಕೆಳಗೆ ಕಾಲಿನ ಹೆಬ್ಬೆರಳು ಕುಣಿಸುತ್ತಾಳೆ. ಯಾಕೆಂದರೆ ಪಕ್ಕದ ಕುರ್ಚಿಯಲ್ಲಿ ಅಪ್ಪ. ನಮ್ಮವರಲ್ಲಿ ಹೆಂಗಸರು ಕುಣಿಯುವ ಪದ್ಧತಿ ಇಲ್ಲ ಎನ್ನುವುದು ಅವರ ಕಾನೂನು, ಅದಕ್ಕೆ ಮೇಲ್ಮನವಿ ಇಲ್ಲ.

ಹೋದ ಡಿಸೆಂಬರಿನಲ್ಲಿ ನಾನು ಪಾಠ ಮಾಡುವ ಶಾಲೆಯ ಟೀಚರೊಬ್ಬರು ಒಂದು ಸುದ್ದಿ ಹೇಳಿದರು. ಮಡಿಕೇರಿಯ ಒಂದು ಹಳೆಯ ಹೋಟೆಲಿಗೆ ಕ್ರಿಸ್‌ಮಸ್ಸಿನ ದೀಪಾಲಂಕಾರ ಮಾಡಿದ್ದಾರೆ, ಸಂಜೆ ಒಳಗಿನ ಹಾಲಿನಲ್ಲಿ ವಾಲಗವೂ ಇದೆ, ಕಾಫಿ ಕುಡಿಯಲು ಹೋದವರೂ ಕುಣಿಯಬಹುದಂತೆ. ಅಮ್ಮನ ಕಿವಿಯಲ್ಲಿ ಹೇಳಿದೆ. ಅವಳು ಒಗ್ಗರಣೆಯನ್ನು ಒಲೆಯ ಮೇಲೆಯೇ ಬಿಟ್ಟು ಸೀರೆ ಆರಿಸಲು ಹೋದಳು. ಅಪ್ಪ ಎಲ್ಲಿಗೆ ಎಂದು ಕೇಳಿದಾಗ ನಾನು, ಜಾಣೆ, ಲೈಟು ನೋಡಲು ಎಂದುಬಿಟ್ಟೆ. ಹತ್ತು ನಿಮಿಷದಲ್ಲಿ ಅಪ್ಪ ಇಸ್ತ್ರಿ ಶರಟು ತೊಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಸುಂಟಿಕೊಪ್ಪ ದಾಟುವ ತನಕ ಅಮ್ಮ ಹಿಂದಿನ ಸೀಟಿನಿಂದ, ಕಾರು ಓಡಿಸುತ್ತಿದ್ದ ನನ್ನನ್ನು ಕನ್ನಡಿಯಲ್ಲಿ ದುರುಗುಟ್ಟಿ ನೋಡುತ್ತಿದ್ದಳು. ನನ್ನ ಬಾಯಿಗೆ ನಾನೇ ಹೊಲಿಗೆ ಹಾಕಿಕೊಳ್ಳಬೇಕು ಅನ್ನಿಸಿತು.

ಹೊತ್ತು ಮುಳುಗುವಾಗ ತಲುಪಿದೆವು. ಬಿಳಿಯರ ಕಾಲದ ಬಂಗಲೆ ಅದು. ಹೆಂಚಿನ ಮಾಡು, ಸುತ್ತಲೂ ಕಂಬದ ಜಗಲಿ, ಮುಖ ಕಾಣುವಷ್ಟು ಉಜ್ಜಿದ ಕೆಂಪು ನೆಲ. ಮಾಡಿನ ಅಂಚು, ಕಂಬ, ಕಿಟಕಿ, ಅಂಗಳದ ಸಿಲ್ವರ್ ಮರ, ಒಂದನ್ನೂ ಬಿಡದೆ ದೀಪ ಸುತ್ತಿದ್ದರು. ಬಾಗಿಲ ಮೇಲೆ ಬುಟ್ಟಿಯಷ್ಟು ದೊಡ್ಡ ನಕ್ಷತ್ರ, ಜಗಲಿಯ ಮೂಲೆಯಲ್ಲಿ ಹುಲ್ಲು ಹಾಸಿ ಕ್ರಿಸ್‌ಮಸ್ಸಿನ ದೇವರ ಗೊಂಬೆ ಇಟ್ಟ ಗೋದಲಿ. ಅಪ್ಪ ಕಾರಿನಿಂದ ಇಳಿದವರೇ ಬಾಯಿ ತೆರೆದು ನಿಂತರು. ನನಗೂ ಮೈಯೆಲ್ಲ ಹಗುರಾದ ಹಾಗಾಗಿ, ಕಾರಣವಿಲ್ಲದೆ ನಗು ಬರತೊಡಗಿತು.

ಅಷ್ಟರಲ್ಲಿ ಅಮ್ಮ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ಗೋದಲಿಗೆ ಕೈ ಮುಗಿದು, ಬರಿಗಾಲಲ್ಲಿ ಜಗಲಿ ಹತ್ತಿದಳು. ನನ್ನ ನಗು ಅಲ್ಲಿಗೇ ನಿಂತಿತು. ಇದು ಹೋಟೆಲು, ಹಾಕಿಕೋ ಎಂದು ಪಿಸುಗುಟ್ಟಿದೆ. ಬಾಗಿಲ ಗಾರ್ಡ್ ಕೂಡ ಬಿಡುವುದು ಬೇಡ ಅಂದ. ಅಮ್ಮನಿಗೆ ಕೇಳಿಸಲೇ ಇಲ್ಲ. ನಮ್ಮ ಹಿಂದೆ ಬಂದ ಮೈಸೂರಿನ ಕುಟುಂಬವೊಂದು ಆ ಚಪ್ಪಲಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಗ್ಗಿ ಬೂಟಿನ ದಾರ ಬಿಚ್ಚತೊಡಗಿತು. ಅವರ ಹಿಂದಿನವರೂ ಬಿಚ್ಚಿದರು. ಐದು ನಿಮಿಷದಲ್ಲಿ ಆ ಬಂಗಲೆಯ ಮುಂದೆ ಜಾತ್ರೆಯ ಹಾಗೆ ಚಪ್ಪಲಿ ಬಿದ್ದಿದ್ದವು, ಗಾರ್ಡೇ ಬಂದವರಿಗೆಲ್ಲ ಇಲ್ಲಿ ಬಿಡಿ ಇಲ್ಲಿ ಬಿಡಿ ಎಂದು ಕೈ ತೋರಿಸುತ್ತಿದ್ದ. ಅಪ್ಪನಂತೂ ಅವನ್ನೆಲ್ಲ ಸಾಲಾಗಿ ಜೋಡಿಸತೊಡಗಿದ್ದರು. ನಾಚಿಕೆಯಿಂದ ಅವರಿಗೆ ಬೆನ್ನು ಹಾಕಿ ನಾನೂ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದೆ.

ಒಳಗೆ ಮರದ ನೆಲದ ದೊಡ್ಡ ಹಾಲು. ಹಿಂದೆ ದೊರೆಗಳೂ ದೊರೆಸಾನಿಯರೂ ಕುಣಿಯುತ್ತಿದ್ದ ಜಾಗವಂತೆ. ಮೂಲೆಯಲ್ಲಿ ವಾಲಗದವರು ಡೋಲಿನ ಹಗ್ಗ ಬಿಗಿಯುತ್ತಿದ್ದರು. ನಮ್ಮ ಮಾನ ಹರಾಜಾಯಿತಲ್ಲ, ಇದೇನು ಗುಡಿಯೇ ಎಂದು ಅಮ್ಮನ ಮೇಲೆ ರೇಗಿದೆ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. "ಹೋಟ್ಲು ಅಂತ ನಂಗೊತ್ತಿಲ್ವೇನೆ? ಚಪ್ಲಿ ಬಿಡ್ದಿದ್ರೆ ನಿಮ್ಮಪ್ಪ ಹೊರಗೆ ನಿಂತ್ಕತಿದ್ರಾ?" ಅಂದಳು.

ಡೋಲು ಶುರುವಾಯಿತು. ಯಾರಾದರೂ ಕೈ ಹಿಡಿದು ಎಳೆಯಲಿ ಎಂದು ಅಮ್ಮ ಕಾಯಲಿಲ್ಲ. ಎರಡೂ ಕೈ ಎತ್ತಿ, ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಹುಟ್ಟಿದಾಗಿನಿಂದ ಕುಣಿಯುತ್ತಿದ್ದವಳ ಹಾಗೆ ಕುಣಿದಳು. ಇಷ್ಟು ವರ್ಷ ಕುರ್ಚಿಯಲ್ಲಿ ಕೂತೇ ಕಲಿತಿದ್ದಳು! ಕೊಡವ ಅಜ್ಜಿಯೊಬ್ಬರು ಅವಳ ಎದುರು ಬಂದು ಹೆಜ್ಜೆ ಸೇರಿಸಿದರು. ಮೈಸೂರಿನ ಕುಟುಂಬ ಕಾಲುಚೀಲದಲ್ಲಿ ಜಾರುತ್ತ, ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತ ಕುಣಿಯಿತು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೇ ಕುಣಿದೆ. ಅಮ್ಮನ ಮುಖ ಅಷ್ಟು ಕೆಂಪಾಗಿದ್ದನ್ನು ನಾನು ಕಂಡಿರಲಿಲ್ಲ. ಅಂಥ ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮೂರು ಸುತ್ತು ಕುಣಿದು, ಮುಖ ಒರೆಸಿಕೊಂಡು, ಏನೂ ಆಗದವರ ಹಾಗೆ ಹೊರಗೆ ಬಂದೆವು. ಅಪ್ಪ ಚಪ್ಪಲಿಗಳ ನಡುವೆ ಕೈ ಕಟ್ಟಿ ನಿಂತಿದ್ದರು. ನೀವೂ ಒಳಗೆ ನೋಡಿ ಬನ್ನಿ ಎಂದರೆ ಬೇಡ ಅಂದರು. ಇಳಿಜಾರಿನಲ್ಲಿ ಕಾರು ಇಳಿಯುವಾಗ, ಎಡಗಡೆಯ ಮೂರನೇ ಕಂಬದ ಸಾಲು ಅರ್ಧ ಆರಿದೆ ಎಂದು ವರದಿ ಕೊಟ್ಟರು. ಆಮೇಲೆ ಹಿಂದಕ್ಕೆ ತಿರುಗದೆಯೇ ಅಮ್ಮನನ್ನು ಕೇಳಿದರು.

"ಕಾಲು ನೋಯ್ತದಾ?"

ಆಗ ನೆನಪಾಯಿತು, ಆ ಹಾಲಿಗೆ ಜಗಲಿಯ ಕಡೆ ಇದ್ದದ್ದೆಲ್ಲ ಗಾಜಿನ ಕಿಟಕಿ. ಅಮ್ಮ ಆಗಲೇ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನು ನಗು ತಡೆಯಲಾಗದೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು. ಅಪ್ಪ ಮಾತ್ರ ಕಿಟಕಿಯಾಚೆ ನೋಡುತ್ತಲೇ ಇದ್ದರು.

ಏಪ್ರಿಲಿನಲ್ಲಿ ಪಕ್ಕದ ತೋಟದ ಮನೆಯ ಮದುವೆ ಬಂತು. ಮಂಟಪಕ್ಕೆ ಎಲ್ಲರೂ ಚಪ್ಪಲಿ, ಬೂಟು ಹಾಕಿಕೊಂಡೇ ಹೋಗುತ್ತಿದ್ದರು. ಒಳಗೆ ಡೋಲಿನ ಸದ್ದಾಯಿತು. ಅಪ್ಪ ಬಾಗಿಲಲ್ಲೇ ನಿಂತು, ತಮ್ಮ ಚಪ್ಪಲಿ ಬಿಟ್ಟು, ಅಮ್ಮನ ಕಾಲಿನ ಕಡೆ ನೋಡಿದರು.

"ನಿನ್ನವೂ ಬಿಟ್ಟು ಹೋಗು. ನಾನು ಇಲ್ಲೇ ಕಾಯ್ಕಂಡಿರ್ತೀನಿ."