ಸತ್ತ ಅನ್ಬೇಡಿ ಮೇಷ್ಟ್ರೇ

ಕಳೆದ ಭಾನುವಾರ ಮೈಕಿನಲ್ಲಿ ಒಬ್ಬ ಯೋಧನನ್ನು ಮೂರು ಸಲ ಸಾಯಿಸಿದೆ. ಅವನ ತಾಯಿಯ ಎದುರಿಗೇ.

ಗಾಬರಿ ಬೇಡ. ಹುಳಿಯಾರಿನ ಹತ್ತಿರ ನಮ್ಮ ಹಟ್ಟಿಯಲ್ಲಿ ಕಬಡ್ಡಿ ಟೂರ್ನಮೆಂಟ್. ತೆಂಗಿನ ತೋಟದ ಪಕ್ಕದ ಬಯಲು, ಮ್ಯಾಟಿನ ಬದಲು ದಪ್ಪಗೆ ಹರಡಿದ ನಾರಿನ ಪುಡಿ, ಮೊದಲ ಬಹುಮಾನ ಒಂದು ಟಗರು. ಕಾಮೆಂಟರಿ ನನ್ನದು. (ರಿಟೈರಾದ ಮೇಷ್ಟ್ರ ಕೈಗೆ ಮೈಕ್ ಕೊಡುವ ಮುಂಚೆ ಊರಿನವರು ಯೋಚಿಸಬೇಕಿತ್ತು.)

ನಮ್ಮ ಕಡೆ ಕಬಡ್ಡಿಯಲ್ಲಿ ಔಟಾದವನು ‘ಸತ್ತ’. ತಂಡಕ್ಕೆ ಪಾಯಿಂಟ್ ಬಂದು ಮತ್ತೆ ಒಳಗೆ ಬಂದರೆ ‘ಬದುಕಿದ’. ಚಡ್ಡಿ ಹಾಕುವ ವಯಸ್ಸಿನಿಂದ ಹಾಗೇ ಅನ್ನುತ್ತಾ ಬಂದಿದ್ದೇವೆ. ಈ ಸಲ ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಫೈನಲ್‌ನಲ್ಲಿ ಎದುರಿಗೆ ತುರುವೇಕೆರೆ ಕಡೆಯ ತಂಡ. ನಮ್ಮ ತಂಡದಲ್ಲಿ ರಜೆಗೆ ಬಂದಿದ್ದ ನಿಜವಾದ ಯೋಧ ರಂಗಸ್ವಾಮಿ. ಬಿಡುತ್ತೇನೆಯೇ? ನಡುಗೆರೆ ಬಾರ್ಡರ್ ಆಯಿತು. ರೈಡ್ ಅಟ್ಯಾಕ್ ಆಯಿತು. ಎದುರಿನವರು ಶತ್ರುಗಳಾದರು. (ಶತ್ರುಗಳ ಕ್ಯಾಪ್ಟನ್ ನನ್ನ ಭಾಮೈದ. ಮಧ್ಯಾಹ್ನ ನಮ್ಮ ಮನೆಯಲ್ಲೇ ಮುದ್ದೆ ಉಂಡಿದ್ದ.) ಜನ ಶಿಳ್ಳೆ ಹೊಡೆದಷ್ಟೂ ನನ್ನ ಗಂಟಲಿಗೆ ದೇಶಭಕ್ತಿ ಏರುತ್ತಿತ್ತು.

ರಂಗಸ್ವಾಮಿ ಮೂರನೇ ಸಲ ಸಿಕ್ಕಿಬಿದ್ದ. ‘ಸತ್ತ! ನಮ್ಮ ವೀರಯೋಧ ಸತ್ತ!’ ಎಂದು ಅರಚಿದೆ.

ಮುಂದಿನ ಸಾಲಿನಿಂದ ಅವನ ತಾಯಿ ಕೆಂಪಮ್ಮ ಎದ್ದು ನನ್ನ ಹತ್ತಿರ ಬಂದರು.

‘ಸತ್ತ ಅನ್ಬೇಡಿ ಮೇಷ್ಟ್ರೇ.’

‘ಆಟ ಕಣಮ್ಮ ಇದು.’

‘ನಿಮ್ಗೆ ಆಟ. ಬುಧ್ವಾರ ವಾಪಸ್ ಹೊಂಟವ್ನೆ ನನ್ ಮಗ. ಹೊಸ್ಲು ದಾಟೋವಾಗ ಹೋಯ್ತೀನಿ ಅಂತ ಒಂದ್ ದಿನಾನೂ ಅಂದೋನಲ್ಲ. ಬತ್ತೀನಿ ಅಂತಾನೇ ಅನ್ನೋದು. ನೀವು ಇಷ್ಟ್ ಜನದ್ ಮುಂದೆ ಸತ್ತ ಸತ್ತ ಅಂತೀರಲ್ಲ?’

ಮೈಕ್ ಆಫ್ ಮಾಡಿರಲಿಲ್ಲ. ಬಯಲಿಗೆಲ್ಲ ಕೇಳಿಸಿತು. ಶಿಳ್ಳೆ ನಿಂತಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

‘ಮತ್ತೇನು ಅನ್ನಲಿ ಕೆಂಪಮ್ಮ?’

‘ವಾಪಸ್ ಬಂದಾಗ ಬಂದ ಅನ್ನಿ. ಅದ್ನ ಜೋರಾಗಿ ಅನ್ನಿ.’

ಮೂವತ್ತು ವರ್ಷ ಪಾಠ ಹೇಳಿದವನಿಗೆ ಅರ್ಧ ನಿಮಿಷದಲ್ಲಿ ಪಾಠವಾಯಿತು. ಕಬಡ್ಡಿಯ ನಿಯಮವೇ ಅದಲ್ಲವೇ? ಎದುರಿನ ಅಂಕಣದಲ್ಲಿ ಐದು ಜನರನ್ನು ಮುಟ್ಟಿದರೂ, ವಾಪಸ್ ಬಂದು ಗೆರೆ ಮುಟ್ಟದಿದ್ದರೆ ಸೊನ್ನೆ. ಆಟ ಕಲಿಸಿದ್ದು ಬರುವುದನ್ನು. ನಾವು ಕಲಿತದ್ದು ಬರೀ ನುಗ್ಗುವುದನ್ನು! ಮೊದಲು ಕ್ರಿಕೆಟ್ ಮ್ಯಾಚಿಗೆ ಯುದ್ಧ ಎಂದೆವು. ಈಗ ಯುದ್ಧವನ್ನೇ ಮ್ಯಾಚಿನ ಹಾಗೆ, ಕಡಲೆಕಾಯಿ ಬಿಡಿಸುತ್ತಾ, ಸ್ಕೋರ್ ಎಷ್ಟಾಯ್ತು ಎಂದು ಕೇಳುತ್ತಾ ನೋಡುತ್ತೇವೆ. ಪಾಯಿಂಟ್ ಬಂದರೆ ಸತ್ತವನು ಎದ್ದು ಬರುವ ನಿಯಮ ಅಲ್ಲಿದೆಯೇ?

ಅಷ್ಟರಲ್ಲಿ ನಮ್ಮ ತಂಡಕ್ಕೆ ಪಾಯಿಂಟ್ ಬಂದು ರಂಗಸ್ವಾಮಿ ಮತ್ತೆ ಒಳಗೆ ಬಂದಿದ್ದ. ಕೊನೆಯ ರೈಡ್. ನಾವು ಒಂದು ಪಾಯಿಂಟ್ ಹಿಂದೆ. ಗೆಲ್ಲಲು ಎರಡು ಬೇಕು. ರಂಗಸ್ವಾಮಿ ಹೋದ, ಮೂಲೆಯವನ ಭುಜ ಮುಟ್ಟಿದ, ತಿರುಗಿದ. ನನ್ನ ಭಾಮೈದ ಅವನ ಕಾಲು ಹಿಡಿದ. ಇಬ್ಬರೂ ನಾರಿನ ಪುಡಿಯಲ್ಲಿ ಉರುಳಿದರು. ಗೆರೆಗೆ ಇನ್ನು ಒಂದು ಮೊಳ. ಮುಟ್ಟಿದರೆ ಮೂಲೆಯವನದೊಂದು, ಕಾಲು ಹಿಡಿದವನದೊಂದು, ಎರಡು ಪಾಯಿಂಟ್.

‘ಬಾ ರಂಗ! ಬಾ!’ ಎಂದೆ.

ಕೆಂಪಮ್ಮ ‘ಬಾರ್ಲಾ ಮಗಾ’ ಎಂದರು. ಆಮೇಲೆ ಹಟ್ಟಿಗೆ ಹಟ್ಟಿಯೇ ‘ಬಾ’ ಎಂದಿತು. ತುರುವೇಕೆರೆಯಿಂದ ಮ್ಯಾಚ್ ನೋಡಲು ಬಂದಿದ್ದ ಹೆಂಗಸರೂ ತಮ್ಮ ಹುಡುಗರನ್ನು ಮರೆತು ‘ಬಾರಪ್ಪ ಬಾ’ ಎಂದರು. ಭಾಮೈದನನ್ನು ಎಳೆದುಕೊಂಡೇ ರಂಗಸ್ವಾಮಿ ತೆವಳಿದ, ಕೈ ಚಾಚಿದ, ಬೆರಳು ಗೆರೆಗೆ ತಾಕಿತು.

‘ಬಂದಾ! ಬಂದಾ! ಬಂದಾ!’

ನನ್ನ ಗಂಟಲು ಅಲ್ಲಿಗೆ ಮುಗಿಯಿತು. ಇಂಥ ಗೆಲುವಿಗೆ ಹೋದರೆ ಹೋಗಲಿ! ಕಾಲು ಹಿಡಿದಿದ್ದ ಭಾಮೈದನೇ ರಂಗಸ್ವಾಮಿಯನ್ನು ಹೆಗಲ ಮೇಲೆ ಹೊತ್ತು ಕುಣಿದ. ಟಗರಿನ ಹಗ್ಗ ಕೈಗೆ ಸುತ್ತಿಕೊಂಡ ಕೆಂಪಮ್ಮ, ‘ಈಗ ಸರ್ಯಾಗಿ ಅಂದ್ರಿ ನೋಡಿ’ ಎಂದು ನಕ್ಕರು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಸರ್ವೀಸಿನಲ್ಲೂ ಸಿಕ್ಕಿರಲಿಲ್ಲ.

ಬುಧವಾರ ಬೆಳಿಗ್ಗೆ ರಂಗಸ್ವಾಮಿ ಬ್ಯಾಗು ಹೊತ್ತು ನಮ್ಮ ಮನೆ ಮುಂದೆ ನಿಂತ. ‘ಬತ್ತೀನಿ ಮೇಷ್ಟ್ರೇ’ ಎಂದು ಬಸ್ ಹತ್ತಿದ.

ಟಿವಿ ಮುಂದೆ ಕೂತು ‘ನುಗ್ಗು, ನುಗ್ಗು’ ಎಂದು ಕೂಗುವ ನಮ್ಮಲ್ಲಿ, ‘ಬಾ’ ಎನ್ನಲು ಗಂಟಲು ಉಳಿಸಿಕೊಂಡವರು ಎಷ್ಟು ಜನ?