ಕೊಕ್ಕರೆಗೊಂದು ಕುಬಸ

ಉಸಗಾಂವದ ಗದ್ದೆಯಂಚಿಗೆ ಕಂಪೌಂಡ್ ಗೋಡೆಯ ಪಾಯ ತೋಡಲು ಹೋಗಿದ್ದವರು ನಾವು ಆರು ಹೆಂಗಸರು, ಜೊತೆಗೆ ವಿಜಯಪುರ ಕಡೆಯ ಒಬ್ಬ ಜೆಸಿಬಿ ಡ್ರೈವರ್. ಹೆಂಗಸರಲ್ಲಿ ಹಿರಿಯಳು ನನ್ನ ಸೋದರತ್ತೆ. ನನಗೆ ಮಾತು ಕಲಿಸಿದವಳು ಅವಳೇ. ನಿಲ್ಲಿಸುವುದನ್ನು ಮಾತ್ರ ಕಲಿಸಲಿಲ್ಲ.

ಗದ್ದೆಯಾಚೆ ಕೆರೆ, ಈಚೆ ದಂಡೆಯಲ್ಲಿ ಎಲೆ ಉದುರಿಸಿ ನಿಂತ ಬೂರುಗದ ಮರ. ಅದರ ತುದಿಗೆ ಕಟ್ಟಿಗೆ ಹೊರೆಯಷ್ಟು ದೊಡ್ಡ ಗೂಡು. ಮೊದಲ ದಿನ ಆ ಗೂಡಿನ ಕೊಕ್ಕರೆ ಕೆಸರಿಗಿಳಿದಾಗ ಸಲಿಕೆ ಬಿಟ್ಟು ನೋಡಿದೆವು. ನಮ್ಮ ಎದೆಮಟ್ಟದ ಎತ್ತರ, ಬೋಳು ತಲೆ, ಹಳದಿ ಕುತ್ತಿಗೆ, ಕಪ್ಪು ರೆಕ್ಕೆ.

“ಥೇಟ್ ನಮ್ಮ ಮಾವ ನೋಡ್ರಿ,” ಎಂದಳೊಬ್ಬಳು.

“ನಿಮ್ಮ ಮಾವ ಒಂದ್ ತಾಸು ಸುಮ್ನ ನಿಂತಿದ್ದು ಯಾವಾಗ ನೋಡಿಯವಾ?” ಎಂದಳು ಅತ್ತೆ.

ಖರೇ ಮಾತು. ಅದು ನೀರಲ್ಲಿ ನಿಂತರೆ ನಿಂತೇಬಿಡುತ್ತಿತ್ತು. ಕಪ್ಪೆ ಅಲುಗಿದ್ದೇ ತಡ, ಕೊಕ್ಕು ಗುರಿ ತಪ್ಪುತ್ತಿರಲಿಲ್ಲ. ಎತ್ತರದ ಮರ, ತೆಳು ನೀರು ಎರಡೂ ಹತ್ತಿರವಿದ್ದರಷ್ಟೇ ಇದು ಸಂಸಾರ ಹೂಡುತ್ತದೆ, ಈಗ ಭಾಳ ಅಪರೂಪ ಎಂದು ಪಕ್ಕದ ಗದ್ದೆಯ ಮುದುಕ ಹೇಳಿದ.

ಗೋಡೆಯ ಗೆರೆ ನೇರವಾಗಿ ಆ ಮರದ ಬುಡಕ್ಕೇ ಬಂದಿತ್ತು. ಸೋಮವಾರ ಮರ ಉರುಳಿಸಿರೆಂದು ಸುಪರ್‌ವೈಸರ್ ಹೇಳಿ ಹೋದ.

“ತತ್ತಿ ಮ್ಯಾಲ ಕುಂತಾಕಿ ಬಸುರಿ ಇದ್ದಂಗ,” ಅತ್ತೆಗೆ ಅನ್ನ ಸೇರಲಿಲ್ಲ. “ಆಕಿಗೆ ತವರಿನವ್ರು ಯಾರದಾರ? ಕುಬಸ ನಾವ ಮಾಡೂಣು.”

ರವಿವಾರ ಬೆಳಿಗ್ಗೆ, ಚೊಚ್ಚಲ ಬಸುರಿಗೆ ಸೀಮಂತ ಮಾಡುವಂತೆಯೇ ಮಾಡಿದೆವು. ಬುಡಕ್ಕೆ ಅರಿಸಿನ ಕುಂಕುಮ, ಕಾಂಡಕ್ಕೆ ಹಸಿರು ರವಿಕೆ ಖಣ, ಬೇರಿನ ಸಂದಿಗೆ ಉಡಿಯಕ್ಕಿ, ಕೊಬ್ಬರಿ. ಬಳೆಗಳನ್ನು ಬೂರುಗದ ಮುಳ್ಳುಗಳಿಗೇ ಸಿಕ್ಕಿಸಿದೆವು. ಆಕೆ ಮೇಲಿನಿಂದ ಒಮ್ಮೆ ಬಗ್ಗಿ ನೋಡಿ, ಮತ್ತೆ ಕಾವಿಗೆ ಕುಳಿತಳು.

ಸೋಮವಾರ ಸುಪರ್‌ವೈಸರ್ ಎದುರಿಗೇ ಡ್ರೈವರ್ ಮರದ ಮುಂದೆ ಜೆಸಿಬಿ ನಿಲ್ಲಿಸಿದ. ಖಣ ಕಂಡವನೇ ಕೆಳಗಿಳಿದು ಚಪ್ಪಲಿ ಬಿಟ್ಟ.

“ಉಡಿ ತುಂಬಿಸ್ಕೊಂಡಾಕಿ ಮನಿ ಕೆಡವಾಕ ನನ್ನ ಕೈಲೆ ಆಗೂದಿಲ್ರಿ, ಸಾಹೇಬ್ರ. ನನ್ನ ಹೇಣ್ತಿಗೂ ಏಳು ತಿಂಗಳು.”

“ಅರೇ, ಪಕ್ಷಿಗೆ ಉಡಿ?” ಸುಪರ್‌ವೈಸರಿಗೆ ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ.

“ಮರಿ ಹಾರೂತನಕ ಆ ತುದಿಯಿಂದ ತೋಡ್ಕೋಂತ ಬರ್ತೇವ್ರಿ. ಕೆಲಸೇನ್ ನಿಲ್ಲೂದಿಲ್ಲ,” ಎಂದಳು ಅತ್ತೆ.

ಸುಪರ್‌ವೈಸರ್ ಜಾಗದ ಮಾಲಕರಿಗೆ ಫೋನ್ ಹಚ್ಚಿದ. ನಾವು ಬುಟ್ಟಿ, ಸಲಿಕೆ ಹೊತ್ತು ಆ ತುದಿಗೆ ನಡೆದೆವು.

ಬೇಸಿಗೆ ಹತ್ತುವ ಹೊತ್ತಿಗೆ ಎರಡು ಮರಿಗಳು ಹಾರಿದವು. ಅಷ್ಟರಲ್ಲಿ ಮಾಲಕರೂ ಎರಡು ಸಲ ಬಂದು, ಕತ್ತೆತ್ತಿ ನೋಡಿ ಹೋಗಿದ್ದರು. ಕೊನೆಯ ಪಾಯವನ್ನು, ಅವರೇ ಹೇಳಿದಂತೆ ಗೆರೆ ಬಗ್ಗಿಸಿ, ಮರದಿಂದ ನಾಲ್ಕು ಮಾರು ಈಚೆ ತೋಡಿದೆವು.