ಸುತ್ತು ಹಾಕಿದ ‘ನಿ’

ನಮ್ಮ ಬ್ಯಾಂಡ್ ಮಾಸ್ಟರ್ ಬಲಗೈ ಹೆಬ್ಬೆರಳ ಪಕ್ಕದಲ್ಲಿ ಹುಣಸೆಬೀಜದಂಥ ಒಂದು ಗಂಟಿತ್ತು. ಕ್ಲಾರಿನೆಟ್ಟಿನ ಭಾರವನ್ನೆಲ್ಲ ಆ ಬೆರಳೇ ಹೊತ್ತು ಹೊತ್ತು ಜಡ್ಡುಗಟ್ಟಿತ್ತು. ಊದುವುದೂ ಒಂದು ಕೆಲಸವೇ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ, ಅವರು ಜಗಳಕ್ಕೆ ಹೋಗದೆ ಆ ಹೆಬ್ಬೆರಳನ್ನು ಎತ್ತಿ ತೋರಿಸುತ್ತಿದ್ದರು.

ಚಿತ್ರದುರ್ಗದಲ್ಲಿ ನಮ್ಮದೂ ಅವರದೂ ಒಂದೇ ಓಣಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ನಾನು ಕ್ಲಾರಿನೆಟ್ ಕಲಿಯುತ್ತೇನೆಂದು ಅವರ ಬಾಗಿಲಲ್ಲಿ ನಿಂತಾಗ ಓಣಿಯವರು ಮೂಗು ಮುರಿದರು. ಹೆಣ್ಣುಮಗಳು ಮೆರವಣಿಗೆಯ ವಾದ್ಯ ಊದುವುದುಂಟೇ? ಮಾಸ್ಟರ್ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಊದಾಕೆ ಉಸಿರು ಬೇಕು ಕಣ್ರಿ, ಮೀಸೆ ಅಲ್ಲ.” ನಾನು ದೊಡ್ಡ ವಾದಕಿಯೇನೂ ಆಗಲಿಲ್ಲ. ಆದರೆ ಸರಿಗಮವನ್ನೂ, ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿಯನ್ನೂ ಓದಲು ಕಲಿತೆ. ಇವತ್ತು ನನಗೆ ಅನ್ನ ಹಾಕುತ್ತಿರುವುದು ಆ ಓದೇ.

ಒಂದು ಬಗೆಯ ಸ್ವರಲಿಪಿಯನ್ನು ಇನ್ನೊಂದಕ್ಕೆ ಬದಲಾಯಿಸುವ ಸಾಫ್ಟ್‌ವೇರನ್ನು ಪರೀಕ್ಷಿಸುವುದು ನನ್ನ ಕೆಲಸ. ಸರಿಗಮದ ಫೈಲು ಐದು ಗೆರೆಯದಾಗಿ ಹೊರಬರಬೇಕು; ಅದನ್ನೇ ತಿರುಗಿ ಹಾಕಿದರೆ ಒಂದಕ್ಷರವೂ ಕಳೆಯದೆ ಮತ್ತೆ ಸರಿಗಮವಾಗಬೇಕು. ಇದನ್ನು ವಿವರಿಸಿದಾಗ ಮಾಸ್ಟರ್ ನಕ್ಕರು. “ಒಟ್ನಾಗೆ ತಪ್ಪು ಹುಡುಕೋ ಕೆಲಸ. ಚಿಕ್ಕೋಳಿದ್ದಾಗ್ಲೂ ನೀನು ಅದನ್ನೇ ಮಾಡ್ತಿದ್ದೆ ಬೇಟಿ.”

ಆ ವೇಳೆಗೆ ಅವರ ಕಣ್ಣು ಮಂಜಾಗುತ್ತಿತ್ತು. ಬ್ಯಾಂಡಿಗೆ ಹೊಸದಾಗಿ ಸೇರಿದವರು ಐದು ಗೆರೆ ಓದಬಲ್ಲವರೇ ಹೊರತು ಅವರ ಕೈಬರಹದ ಸರಿಗಮ ಯಾರಿಗೂ ಬರುತ್ತಿರಲಿಲ್ಲ. ಅವರು ಹೋದರೆ ಜೀವಮಾನವಿಡೀ ಬರೆದ ಪುಸ್ತಕವೂ ಅವರೊಂದಿಗೇ ಹೋಗುತ್ತಿತ್ತು. ನಾನೇ ಟೈಪ್ ಮಾಡಿ ನಮ್ಮ ಸಾಫ್ಟ್‌ವೇರಿಗೆ ಹಾಕುತ್ತೇನೆಂದೆ.

ಮೊದಲ ಮೆರವಣಿಗೆ ಧಾಟಿಯನ್ನು ಕಂಪ್ಯೂಟರಿನಲ್ಲಿ ನುಡಿಸಿದಾಗ ಮಾಸ್ಟರ್ ಕಿವಿ ಮುಚ್ಚಿಕೊಂಡರು. “ಲೇ, ನಾವು ಬಾಯಿ ಮುಚ್ಕಂಡು ನಿಂತ್ಕಳ್ಳೋ ಜಾಗದಾಗೇ ಇದು ಅರಚ್ತೈತಲ್ಲೇ!”

ಪುಸ್ತಕ ತೆರೆದು ನೋಡಿದೆವು. ಆ ಜಾಗದಲ್ಲಿ ಅವರು ‘ನಿ’ ಎಂದು ಬರೆದು ಸುತ್ತು ಹಾಕಿದ್ದರು. ಸಾಫ್ಟ್‌ವೇರ್ ಅದನ್ನು ನಿಷಾದ ಸ್ವರವೆಂದು ತಿಳಿದಿತ್ತು. ನಾನೂ ಹಾಗೇ ತಿಳಿದು ಟೈಪ್ ಮಾಡಿದ್ದೆ.

“ನಿ ಅಂದ್ರೆ ನಿಲ್ಲು” ಎಂದರು. “ತಾಳ್ಯ ಊರಿನ ಮದುವ್ಯಾಗೆ ಒಂದ್ಸಾರಿ ಹೆಂಗಸ್ರು ಆರತಿ ತಂದು ಮದುಮಗನ್ನ ನಿಲ್ಲಿಸ್ಕಂಡ್ರು. ನಾವು ಗೊತ್ತಾಗ್ದೆ ಊದ್ಕಂತ ಊರಾಚೆಗೆ ಹೋಗಿಬಿಟ್ಟಿದ್ವಿ. ಆವತ್ತಿಂದ ಬರಿಯೋಕೆ ಹಿಡಿದೆ. ಆ ಗುರುತು ಬಂದ್ರೆ ಡ್ರಮ್ಮು ಮಾತ್ರ. ನಾನು ಕೈ ಎತ್ತೋವರೆಗೂ ಯಾರೂ ಊದಂಗಿಲ್ಲ.”

ಸುತ್ತನ್ನೂ ಸೇರಿಸಿ ಟೈಪ್ ಮಾಡಿದರೂ ಸಾಫ್ಟ್‌ವೇರ್ ಅದನ್ನು ಸ್ವರವೆಂದೇ ನುಡಿಸಿತು. ಈ ದೋಷದ ಬಗ್ಗೆ ಕಂಪನಿಗೆ ದೂರು ಬರೆದೆ. ಅವರು ಸರಿಪಡಿಸಿದ ರೀತಿ ಇನ್ನೂ ಚೆಂದ. ಸುತ್ತು ಹಾಕಿದ ಅಕ್ಷರ ಬಂದರೆ ಸದ್ದಿಲ್ಲದೆ ಕಿತ್ತೆಸೆಯುವಂತೆ ಮಾಡಿದರು. ಈಗ ಧಾಟಿ ಎಲ್ಲೂ ನಿಲ್ಲದೆ ಓಡಿತು. ನಾನು ಆ ದೂರನ್ನು ಮತ್ತೆ ತೆರೆದೆ, ಅವರು ಸರಿಯಾಗಿದೆಯೆಂದು ಮುಚ್ಚಿದರು. ಕೊನೆಗೆ ನಮ್ಮ ಮ್ಯಾನೇಜರ್ ಕರೆ ಮಾಡಿದರು. ಮಾಸ್ಟರ್ ಆಗ ನಮ್ಮ ಮನೆಯಲ್ಲೇ ಚಹಾ ಕುಡಿಯುತ್ತಿದ್ದರು; ಅವರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದೆ.

“ಇದು ಸಾಫ್ಟ್‌ವೇರ್ ತಪ್ಪಲ್ಲ, ಬರೆದವರ ತಪ್ಪು. ಸಂಗೀತದಲ್ಲಿ ಇಂಥ ಗುರುತೇ ಇಲ್ಲ” ಎಂದರು ಮ್ಯಾನೇಜರ್.

ಮಾಸ್ಟರ್ ಲೋಟ ಕೆಳಗಿಟ್ಟು ಫೋನಿನ ಹತ್ತಿರ ಬಾಗಿದರು. “ಸಾರ್, ನಿಮ್ಮ ಪುಸ್ತಕದಾಗೆ ಇಲ್ಲ ಅನ್ರಿ. ಸಂಗೀತದಾಗೇ ಇಲ್ಲ ಅನ್ಬ್ಯಾಡ್ರಿ.”

ಮ್ಯಾನೇಜರ್ ಕರೆ ಕತ್ತರಿಸಿದರು. ನನಗೆ ಕೆಲಸದ ಭಯ ಹಿಡಿಯಿತು. “ಮಾಸ್ಟ್ರೇ, ನಿ ತೆಗೆದು ಬೇರೆ ಯಾವುದಾದ್ರೂ ಗುರುತು ಹಾಕಾಣ, ಜಗಳ ಯಾಕೆ?” ಎಂದೆ. ಅವರು ನನ್ನನ್ನೇ ದಿಟ್ಟಿಸಿದರು.

“ನನ್ನ ಹಳೇ ಬ್ಯಾಂಡ್‌ನೋರು ಈ ಅಕ್ಷರ ನೋಡಿ ನಿಂತವ್ರೆ. ಒಬ್ರಾದ್ರೂ ಎಡವಿಲ್ಲ. ಎಡವಿದ್ದು ನಿಮ್ಮ ಮೆಷಿನ್ನು. ಅದಕ್ಕೆ ನಾನು ತಿದ್ಕಬೇಕಾ? ಗೊತ್ತಾಗ್ದಿದ್ರೆ ಗೊತ್ತಿಲ್ಲ ಅಂತ ಹೇಳ್ಲಿ. ಅಳಿಸಿ ಹಾಕಾಕೆ ಅದ್ಯಾವ್ ದೊಡ್ಡ ಮನುಷ್ಯ? ತಪ್ಪನ್ನ ತಪ್ಪು ಅನ್ನೋದೇ ನಿನ್ನ ಕೆಲಸ ಅಲ್ವಾ ಬೇಟಿ?”

ನಾಚಿಕೆಯಿಂದ ತಲೆ ತಗ್ಗಿತು. ಹೆಣ್ಣುಮಗಳೊಬ್ಬಳಿಗಾಗಿ ಇಡೀ ಓಣಿಯನ್ನು ಎದುರು ಹಾಕಿಕೊಂಡವರ ಮುಂದೆ ನಾನು ಒಂದು ಅಕ್ಷರಕ್ಕೆ ಹೆದರಿ ಕೂತಿದ್ದೆ. ಅವರೆದುರಿಗೇ ಆ ದೂರನ್ನು ಮತ್ತೆ ತೆರೆದೆ. ಅರ್ಥವಾಗದ ಗುರುತನ್ನು ಅಳಿಸಬಾರದು, ಇದ್ದಂತೆಯೇ ಉಳಿಸಿ ಬಳಕೆದಾರರಿಗೆ ತಿಳಿಸಬೇಕು, ಅಲ್ಲಿಯವರೆಗೆ ಈ ಆವೃತ್ತಿಗೆ ನನ್ನ ಒಪ್ಪಿಗೆಯಿಲ್ಲ ಎಂದು ಬರೆದೆ. ಕಂಪನಿ ನನ್ನ ಮೇಲೆ ಮುನಿಸಿಕೊಂಡಿತು, ಗೊಣಗಿತು; ಆದರೆ ಕೊನೆಗೆ ತಿದ್ದಿತು. ಪುಸ್ತಕದ ಧಾಟಿಗಳೆಲ್ಲ ಸುತ್ತು ಹಾಕಿದ ನಿ ಸಮೇತ ಐದು ಗೆರೆಗೆ ಹೋದವು, ಹಾಗೇ ವಾಪಸ್ಸೂ ಬಂದವು. ಆ ಮೊದಲ ಧಾಟಿಯ ಫೈಲನ್ನು ಪ್ರತಿ ಆವೃತ್ತಿಗೂ ನಡೆಸುವ ಪರೀಕ್ಷೆಗಳ ಪಟ್ಟಿಗೆ ಸೇರಿಸಿಟ್ಟೆ. ಅಚ್ಚಾದ ಹಾಳೆಗಳನ್ನು ಹಿಡಿದು ಹೊಸಬರು ಹೊಳಲ್ಕೆರೆಯ ಮದುವೆಯೊಂದರಲ್ಲಿ ಊದಿದ್ದನ್ನು ಮಾಸ್ಟರ್ ಕುರ್ಚಿ ಹಾಕಿಕೊಂಡು ಕೇಳಿದರು. ಎಲ್ಲಿ ನಿಲ್ಲಬೇಕೋ ಅಲ್ಲಿ ಹೊಸಬರು ನಿಂತರು.

ಹೋದ ವರ್ಷ ಮಾಸ್ಟರ್ ತೀರಿಕೊಂಡರು. ಅವರನ್ನು ಹೊತ್ತು ನಡೆದಾಗ ವಾದ್ಯವಿರಲಿಲ್ಲ; ಬ್ಯಾಂಡಿನವರೆಲ್ಲ ಬರಿಗೈಯಲ್ಲಿ ಹಿಂದೆ ನಡೆದರು. ನಾನು ಬಾಗಿಲಲ್ಲಿ ನಿಂತು ಅತ್ತೆ.

ಮೊನ್ನೆ ಹೊಸ ಮ್ಯಾನೇಜರ್ ಪರೀಕ್ಷೆಗಳ ಪಟ್ಟಿ ನೋಡುತ್ತಾ, “ಇದೊಂದು ಮದುವೆ ಬ್ಯಾಂಡಿನ ಹಳೇ ಫೈಲು ಯಾಕಿದೆ? ಯಾರೂ ಬಳಸದ ಗುರುತು, ತೆಗೆದುಬಿಡೋಣ” ಎಂದರು.

“ಅದು ಇರುತ್ತೆ ಸಾರ್” ಎಂದೆ.

“ಎಲ್ಲಿವರೆಗೆ?”

“ಅವರು ಕೈ ಎತ್ತೋವರೆಗೆ.”